ಶಿಕ್ಷೆಯ ಪ್ರಮಾಣದ ಬಗ್ಗೆ

ಇಪ್ಪತ್ತಾರು ವರ್ಷದಿಂದ
ಬೇರೆಯವರ ಮಾತನ್ನು ಬೆರಳಲ್ಲಿ ಹಿಡಿಯುವವಳು ನಾನು.
ಸಿವಿಲ್ ಕೋರ್ಟಿನ ನಾಲ್ಕನೇ ಮಹಡಿ. ಕಿಟಕಿಯಾಚೆ
ಮೈಸೂರು ಬ್ಯಾಂಕ್ ಸರ್ಕಲ್ಲಿನ ಹಾರನ್ನು,
ಈಚೆ ಫ್ಯಾನು, ಫ್ಯಾನಿನ ಕೆಳಗೆ ಸಾಹೇಬರು,
ಸಾಹೇಬರ ಕೆಳಗೆ ನಾನು.

ಈ ದಿನ ಊಟಕ್ಕೆ ಮುಂಚೆ ತೀರ್ಪು: ಅಪರಾಧಿ.
ಊಟದ ನಂತರ ಶಿಕ್ಷೆ.
ನಡುವೆ ನಾನು ಚಿತ್ರಾನ್ನ ತಿಂದೆ.
ಕಡಲೆಬೀಜ ಮೆತ್ತಗಾಗಿತ್ತು.

ಕಟಕಟೆಯಲ್ಲಿ ಹುಲಿಗೆಮ್ಮ, ಕೊಪ್ಪಳದ ಕಡೆಯವಳು.
ಹೆಣ್ಣೂರಿನ ಹದಿನಾಲ್ಕು ಮಹಡಿಗೆ ಇಟ್ಟಿಗೆ ಹೊತ್ತವಳು,
ತಗಡಿನ ಶೆಡ್ಡಿನಲ್ಲಿ ಹೆತ್ತವಳು,
ಒಂಬತ್ತನೇ ರಾತ್ರಿ ಸಂಪಿನ ಮುಚ್ಚಳ ಸರಿಸಿದವಳು.
ಇಷ್ಟು ನನಗೆ ಬಾಯಿಪಾಠ.
ಒಂದರಿಂದ ಹದಿನೇಳನೇ ಸಾಕ್ಷಿಯವರೆಗೆ ನಾನೇ ಟೈಪು ಮಾಡಿದ್ದು.
ಆ ರಾತ್ರಿ ಅವಳ ತಲೆಯೊಳಗೆ ಏನಿತ್ತೆಂದು
ಹದಿನೇಳು ಜನರಲ್ಲಿ ಯಾರನ್ನೂ ಯಾರೂ ಕೇಳಲಿಲ್ಲ.

‘ಶಿಕ್ಷೆಯ ಪ್ರಮಾಣದ ಬಗ್ಗೆ ಏನಾದರೂ ಹೇಳುವುದಿದೆಯೇ?’
ಸಾಹೇಬರು ಎರಡು ಸಲ ಕೇಳಿದರು, ಎರಡನೇ ಸಲ ಮೆಲ್ಲಗೆ.
ಪ್ರಮಾಣ ಎಂದರೆ ಆಣೆ ಎಂದುಕೊಂಡಳೇನೋ,
ಕೈ ಎದೆಗೆ ಹೋಯಿತು.
‘ಖರೇನ ಹೇಳತೀನ್ರೀ ಸಾಹೇಬ್ರ,
ಆ ಕೂಸಿಗೆ ಇನ್ನಾ ಹೆಸರಿಟ್ಟಿರಲಿಲ್ರಿ.
ನಿಮ್ಮ ಕಾಗದದಾಗ ಏನಂತ ಬರದೀರಿ?’

ಫ್ಯಾನು ತಿರುಗಿತು. ನಾನು ಉತ್ತರಿಸಬಹುದಿತ್ತು:
ಮೃತ ಹೆಣ್ಣು ಶಿಶು. ನಲವತ್ತೊಂದು ಕಡೆ,
ಎಣಿಸಿದ್ದೇನೆ.
ಉಕ್ತಲೇಖನಕ್ಕೆ ಬಾಯಿಲ್ಲ. ಹೇಳಿಸಿದ್ದನ್ನು ಬರೆದೆ:
‘ಆರೋಪಿಯು ಶಿಕ್ಷೆಯ ಬಗ್ಗೆ ವಿಶೇಷವಾಗಿ ಏನನ್ನೂ ಹೇಳಿರುವುದಿಲ್ಲ.’

ಹೋದ ಆಷಾಢದಲ್ಲಿ, ಎರಡು ಮಹಡಿ ಕೆಳಗೆ,
ರಜೆ ಹಾಕಿದವಳ ಬದಲಿಗೆ ಕೂತಿದ್ದೆ. ಆರೋಗ್ಯಮೇರಿಯ ಕೇಸು.
ಅವಳದೂ ನೀರೇ. ಬಕೆಟ್ಟು. ಹನ್ನೊಂದು ದಿನದ ಗಂಡು.
ಅಣ್ಣ ಆಟೋ ಮಾರಿ ವಕೀಲರನ್ನಿಟ್ಟಿದ್ದ,
ವಕೀಲರು ನಿಮ್ಹಾನ್ಸಿನಿಂದ ಡಾಕ್ಟರಮ್ಮನನ್ನು ಕರೆಸಿದರು.
ನಮ್ಮಜ್ಜಿ ಬಾಣಂತಿ ಸನ್ನಿ ಎಂದು ಎರಡೇ ಮಾತಲ್ಲಿ ಹೇಳಿ
ಬಾಗಿಲಿಗೆ ಬೇವು ಸಿಕ್ಕಿಸುತ್ತಿದ್ದುದನ್ನು
ಆಕೆ ಆರು ಪುಟ ಹೇಳಿದರು.
ಆರು ಪುಟಕ್ಕೆ ಐದು ವರ್ಷ, ಒಳಗಿದ್ದಷ್ಟು ದಿನ ವಜಾ.
ಕ್ರಿಸ್ಮಸ್ಸಿಗೆ ಮೇರಿ ಮನೆಯಲ್ಲಿದ್ದಳಂತೆ.

ಹುಲಿಗೆಮ್ಮನಿಗೆ ಸರ್ಕಾರ ಕೊಟ್ಟ ವಕೀಲ ಹುಡುಗ ಕೆಟ್ಟವನಲ್ಲ.
‘ಬಡವಿ, ಅನಕ್ಷರಸ್ಥೆ, ಮೊದಲ ಅಪರಾಧ’ ಎಂದ.
ನಾಲ್ಕನೆಯದು ನೆನಪಾಗದೆ ಕೂತ.

ಸಾಹೇಬರು ಕಣ್ಣು ಮುಚ್ಚಿ ಶುರುಮಾಡಿದರು:
‘ತಾಯಿ ಎಂಬ ಪದಕ್ಕೇ ಕಳಂಕ’
ನಿಲ್ಲಿಸಿದರು. ಕಟಕಟೆಯತ್ತ ನೋಡಿದರು.
‘ಅದು ಬೇಡ. ತೆಗೀರಮ್ಮ.’
ತೆಗೆದೆ, ಒಂದೊಂದೇ ಅಕ್ಷರ, ಹಿಂದಿನಿಂದ.
ಕಳಂಕ ಮೊದಲು ಹೋಯಿತು,
ತಾಯಿ ಕೊನೆಗೆ.

‘ಕೊಲೆ ರುಜುವಾತಾದ ಮೇಲೆ ಕಾನೂನಿನಲ್ಲಿರುವುದು ಎರಡೇ ಬಾಗಿಲು,
ಒಂದು ನೇಣಿನದು. ಇವೆರಡಕ್ಕಿಂತ ಚಿಕ್ಕದನ್ನು ತೆರೆಯಲು
ಈ ನ್ಯಾಯಾಲಯಕ್ಕೆ ಅಧಿಕಾರವಿರುವುದಿಲ್ಲ. ಜೀವಾವಧಿ.’
ದನಿ ಕದಲಲಿಲ್ಲ. ನೀರು ಮಾತ್ರ ಎರಡು ಲೋಟ ಕುಡಿದರು.

ಕೊನೆಯ ಸಾಲನ್ನು ಯಾರೂ ಹೇಳಿಸುವುದಿಲ್ಲ,
ಹಳೆಯ ಕಡತದಿಂದ ಎತ್ತಿ ನಾನೇ ಹಾಕುತ್ತೇನೆ:
‘ಮುದ್ದೆಮಾಲು ಒಂದರಿಂದ ಮೂರು ನಿರುಪಯುಕ್ತವಾದ್ದರಿಂದ
ಮೇಲ್ಮನವಿ ಅವಧಿ ಮುಗಿದ ಬಳಿಕ ನಾಶಪಡಿಸತಕ್ಕದ್ದು.’
ಇಷ್ಟು ವರ್ಷ ಯಾವುದರ ಪಟ್ಟಿಯನ್ನೂ ತೆರೆದು ನೋಡಿದವಳಲ್ಲ.
ಒಂದು, ಸಂಪಿನ ಮುಚ್ಚಳ.
ಎರಡು, ಜೋಳಿಗೆ ಕಟ್ಟಿದ್ದ ಹಸಿರು ಇಳಕಲ್ ಸೀರೆ, ಅರ್ಧ.
ಮೂರು, ಕುಲಾವಿ, ಕೆಂಪು, ಕೈಹೊಲಿಗೆ.
ಹೊಲಿದವರು ಯಾರೆಂದು ದಾಖಲೆಯಲ್ಲಿಲ್ಲ.

ನಿರುಪಯುಕ್ತದಲ್ಲಿ ಒತ್ತಕ್ಷರ ತಪ್ಪಿತ್ತು. ತಿದ್ದಿದೆ.
ತೀರ್ಪಿನ ಪ್ರತಿ ಆರೋಪಿಗೆ ಒಂದು, ಉಚಿತ.
ಅವಳು ಹೆಬ್ಬೆಟ್ಟು ಒತ್ತಿದಳು,
ಐವತ್ತೆರಡು ಪುಟವನ್ನು ಮಡಚಿ, ಮತ್ತೆ ಮಡಚಿ,
ರವಿಕೆಯೊಳಗೆ ಇಟ್ಟುಕೊಳ್ಳಲು ನೋಡಿದಳು.
ಹಿಡಿಸಲಿಲ್ಲ.
ಸೆರಗಲ್ಲಿ ಸುತ್ತಿ, ಎಡಗೈ ಮಡಚಿ, ಎದೆಗವಚಿಕೊಂಡು
ಪೇದೆಯ ಹಿಂದೆ ಮೆಟ್ಟಿಲಿಳಿದಳು.
ಪರಪ್ಪನ ಅಗ್ರಹಾರದ ವ್ಯಾನು ಐದೂವರೆಗೆ.